ಭೂತಾನಕ್ಕೆ ಗೈಡ್ ಜೊತೆ ಏಳು ರಾತ್ರಿ: ತಾರೀಕು ಗೊತ್ತು ಮಾಡುವುದರಿಂದ ಟೈಗರ್ಸ್ ನೆಸ್ಟ್ ಹತ್ತಿ ಇಳಿಯುವವರೆಗೆ

ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ನೀವು ನೋಡಿರುತ್ತೀರಿ. ಕೊಡಗಿಗೆ ಹೊರಟವರೆಲ್ಲ ಅಲ್ಲೊಂದು ಗಂಟೆ ಗಾಡಿ ನಿಲ್ಲಿಸುತ್ತಾರೆ. ಒಳಗೆ ಮೂರು ಭಾರಿ ಮೂರ್ತಿಗಳಿವೆ. ನಡುವೆ ಬುದ್ಧ. ಪಕ್ಕದಲ್ಲಿ ಒಬ್ಬರಿಗೆ ಸಣ್ಣ ಮೀಸೆ, ಕಣ್ಣು ಅಗಲಿಸಿ ನಮ್ಮನ್ನೇ ನೋಡುತ್ತಿರುತ್ತಾರೆ. ಅವರು ಯಾರು ಅಂತ ಯಾರೂ ಕೇಳುವುದಿಲ್ಲ, ಫೋಟೊ ತೆಗೆದು ಮೊಮೊ ತಿನ್ನಲು ಹೊರಡುತ್ತೇವೆ. ನಾನೂ ನಾಲ್ಕೈದು ಸಲ ಹಾಗೇ ಮಾಡಿದ್ದೇನೆ.

ಅವರು ಪದ್ಮಸಂಭವ. ಭೂತಾನದಲ್ಲಿ ಅವರಿಗೆ ಗುರು ರಿನ್‌ಪೋಚೆ ಅನ್ನುತ್ತಾರೆ. ಎಂಟನೇ ಶತಮಾನದಲ್ಲಿ ಆ ಕಡೆಗೆ ಬೌದ್ಧ ಧರ್ಮ ತಂದವರು ಅಂತ ಅಲ್ಲಿನವರ ನಂಬಿಕೆ. ಏಳು ದಿನ ತಿರುಗಿದರೆ ಅದೇ ಮೀಸೆಯವರನ್ನು ಗೋಡೆ, ಬಂಡೆ, ಬಟ್ಟೆ, ಟ್ಯಾಕ್ಸಿಯ ಡ್ಯಾಶ್‌ಬೋರ್ಡ್ ಎಲ್ಲ ಕಡೆ ನೋಡುತ್ತೀರಿ. ಕಥೆ ಗೊತ್ತಿದ್ದರೆ ಒಂದೊಂದು ಗುಡಿಯೂ ಬೇರೆ ಬೇರೆ. ಗೊತ್ತಿಲ್ಲದಿದ್ದರೆ ಮೂರನೇ ದಿನಕ್ಕೆ ಎಲ್ಲಾ ಒಂದೇ ಥರ ಕಾಣತೊಡಗುತ್ತೆ, ನಾಲ್ಕನೇ ದಿನ ನೀವು ಹೊರಗೆ ಮೆಟ್ಟಿಲ ಮೇಲೆ ಕೂತು ಫೋನ್ ನೋಡುತ್ತಿರುತ್ತೀರಿ.

ಅದಕ್ಕೇ ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಗೈಡ್. ಹೋಟೆಲ್ ಅಲ್ಲ, ಕಾರೂ ಅಲ್ಲ. ನಮ್ಮಲ್ಲಿ ಗೈಡ್ ಅಂದರೆ ಹಂಪಿಯಲ್ಲಿ ಹಿಂದೆ ಬಿದ್ದು ಬರುವವರು ಅನ್ನೋ ಒಂದು ಭಾವನೆ ಇದೆ, ತಪ್ಪಿಸಿಕೊಳ್ಳಲು ನೋಡುತ್ತೇವೆ. ಅಲ್ಲಿ ಹಾಗಲ್ಲ. ಲೈಸೆನ್ಸ್ ಇರುವ ಗೈಡ್ ಇಡೀ ಪ್ರವಾಸ ನಿಮ್ಮ ಜೊತೆಗಿರುತ್ತಾರೆ. ರಾಜಧಾನಿ ಥಿಂಫು ಮತ್ತು ಪಾರೋ ದಾಟಿ ಮುಂದೆ ಹೋಗಬೇಕಾದರೆ ಗೈಡ್ ಇರಲೇಬೇಕು ಅನ್ನುವುದು ನಿಯಮ. ಕಡ್ಡಾಯ ಅಂತ ಹಲ್ಲು ಕಚ್ಚಿಕೊಂಡು ದುಡ್ಡು ಕೊಡುವ ಬದಲು ಅವರನ್ನು ಸರಿಯಾಗಿ ಬಳಸಿಕೊಳ್ಳಿ.

ನಾನು ಹೋಗಿದ್ದು ಹೆಂಡತಿ ಮತ್ತು ಅಮ್ಮನ ಜೊತೆ. ಅಮ್ಮನಿಗೆ ಅರವತ್ತು ದಾಟಿದೆ, ಮಂಡಿ ನೋವು, ಸಸ್ಯಾಹಾರಿ, ಎಲೆ ಅಡಿಕೆ ಇಲ್ಲದೆ ದಿನ ಹೋಗುವುದಿಲ್ಲ. ಮನೆಯಲ್ಲಿ ಇಂಥವರು ಇದ್ದರೆ ಮುಂದೆ ಬರೆದದ್ದು ಜಾಸ್ತಿ ಉಪಯೋಗಕ್ಕೆ ಬರಬಹುದು.

ಹಂತ 1: ತಾರೀಕು

ಮಾರ್ಚ್‌ನಿಂದ ಮೇ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಇವೆರಡು ಒಳ್ಳೆಯ ಕಾಲ. ಜೂನ್‌ನಿಂದ ಆಗಸ್ಟ್ ಬೇಡ, ಮಳೆ. ಮಳೆ ನಮಗೇನು ಹೊಸದಾ ಅಂತ ಮಲೆನಾಡಿನವರು ಅನ್ನಬಹುದು. ಮಳೆಗಿಂತ ಗುಡ್ಡ ಕುಸಿತದ ಭಯ ಇರುವುದು, ಆ ರಸ್ತೆಯಲ್ಲಿ ಗಂಟೆಗಟ್ಟಲೆ ನಿಂತರೆ ಪಕ್ಕದಲ್ಲಿ ಟೀ ಅಂಗಡಿಯೂ ಇರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಚಳಿ ಕೊರೆಯುತ್ತೆ, ಆದರೆ ಆಕಾಶ ಶುಭ್ರ. ಹಿಮದ ಬೆಟ್ಟ ನೋಡಲೇಬೇಕು ಅನ್ನುವವರಿಗೆ ಅದೇ ಸರಿ.

ಸಾಧ್ಯವಾದರೆ ಒಂದು ತ್ಸೆಚುಗೆ ಹೊಂದಿಸಿ. ತ್ಸೆಚು ಅಂದರೆ ಅಲ್ಲಿನ ಜಾತ್ರೆ. ಕೋಟೆಯ ಅಂಗಳದಲ್ಲಿ ಮುಖವಾಡ ಹಾಕಿದ ಸನ್ಯಾಸಿಗಳು ಕುಣಿಯುತ್ತಾರೆ, ಊರಿನವರೆಲ್ಲ ಒಳ್ಳೆಯ ಬಟ್ಟೆ ಹಾಕಿಕೊಂಡು ಬುತ್ತಿ ಕಟ್ಟಿಕೊಂಡು ಬಂದು ಸಂಜೆವರೆಗೆ ಕೂರುತ್ತಾರೆ. ಪಾರೋ ತ್ಸೆಚು ಮಾರ್ಚ್, ಏಪ್ರಿಲ್ ಹೊತ್ತಿಗೆ. ಥಿಂಫುವಿನದ್ದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಚಾಂದ್ರಮಾನದ ಲೆಕ್ಕ ಆದ್ದರಿಂದ ನಮ್ಮ ಯುಗಾದಿ ಥರ ಪ್ರತಿ ವರ್ಷ ತಾರೀಕು ಬದಲಾಗುತ್ತೆ. ಪಾರೋದಲ್ಲಿ ಕೊನೆಯ ದಿನ ಬೆಳಗಾಗುವ ಮೊದಲೇ ಥೋಂಗ್‌ಡ್ರೆಲ್ ಅನ್ನುವ ಕಟ್ಟಡದಷ್ಟು ಎತ್ತರದ ಬಟ್ಟೆಯ ಚಿತ್ರ ಬಿಚ್ಚುತ್ತಾರೆ. ಅದನ್ನು ನೋಡಿದರೇ ಪಾಪ ಕಳೆಯುತ್ತೆ ಅಂತ ನಂಬಿಕೆ. ಬಿಸಿಲು ಬೀಳುವ ಮೊದಲು ಸುತ್ತಿ ಇಟ್ಟುಬಿಡುತ್ತಾರೆ, ಹಾಗಾಗಿ ಮೂರು ಗಂಟೆಗೇ ಎದ್ದು ಹೋಗಬೇಕು.

ತ್ಸೆಚುವಿನಲ್ಲಿ ಕೆಂಪು ಮುಖವಾಡದ ಅತ್ಸಾರಾಗಳು ಅಂತ ಇರುತ್ತಾರೆ. ನಮ್ಮ ಯಕ್ಷಗಾನದ ಹಾಸ್ಯಗಾರರ ಹಾಗೆ. ಮಧ್ಯೆ ನುಗ್ಗಿ ಕೀಟಲೆ ಮಾಡುತ್ತಾರೆ, ನಿಮ್ಮ ಹತ್ತಿರವೂ ಬರುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಹಬ್ಬದ ಸಮಯದಲ್ಲಿ ಹೋಟೆಲ್ ಸಿಗುವುದು ಕಷ್ಟ, ಮೂರ್ನಾಲ್ಕು ತಿಂಗಳು ಮೊದಲೇ ಬುಕ್ ಮಾಡಿ.

ಹಂತ 2: ಎಷ್ಟು ದಿನ, ಯಾವ ಊರು

ಇಲ್ಲೇ ಹೆಚ್ಚಿನವರು ಎಡವುವುದು. ನಮಗೆ ಮೊದಲು ಸಿಕ್ಕ ಪ್ಯಾಕೇಜ್‌ನಲ್ಲಿ ಆರು ರಾತ್ರಿಗೆ ಐದು ಊರು ಇತ್ತು. ಹಾಳೆಯ ಮೇಲೆ ಚೆನ್ನಾಗಿತ್ತು. ಗೂಗಲ್ ಮ್ಯಾಪ್ ತೆಗೆದು ಕೂತಾಗ ಗೊತ್ತಾಯಿತು, ಒಂದು ದಿನ ಎಂಟು ಗಂಟೆ ಕಾರಲ್ಲೇ, ಮರುದಿನ ಮತ್ತೆ ಆರು ಗಂಟೆ. ಅಮ್ಮ ಕೇಳಿದಳು, "ನಾವು ನೋಡಕ್ಕೆ ಹೋಗೋದಾ, ಕೂತ್ಕೊಳ್ಳೋಕೆ ಹೋಗೋದಾ?" ಅದನ್ನು ಬಿಟ್ಟು ನಾವೇ ಬರೆದ ಪಟ್ಟಿ ಇದು:

ಫುಂಟ್‌ಶೋಲಿಂಗ್ 1 ರಾತ್ರಿ, ಥಿಂಫು 2, ಪುನಾಖಾ 2, ಪಾರೋ 2. ಒಟ್ಟು ಏಳು.

ಈ ಕ್ರಮಕ್ಕೆ ಕಾರಣ ಇದೆ. ಫುಂಟ್‌ಶೋಲಿಂಗ್ ಗಡಿಯ ಊರು, ಸಮುದ್ರ ಮಟ್ಟದಿಂದ 300 ಮೀಟರ್ ಆಸುಪಾಸು. ಥಿಂಫು 2,300 ಮೀಟರ್ ಮೇಲೆ. ಪುನಾಖಾ ಮತ್ತೆ 1,200ರ ಆಸುಪಾಸಿಗೆ ಇಳಿಯುತ್ತೆ, ಬೆಚ್ಚಗೆ, ಗದ್ದೆ, ಬಾಳೆ ಎಲ್ಲಾ ಕಾಣುತ್ತೆ. ಪಾರೋ ಮತ್ತೆ 2,200 ದಾಟುತ್ತೆ. ಟೈಗರ್ಸ್ ನೆಸ್ಟ್, ಅಂದರೆ ಬೆಟ್ಟದ ಬಂಡೆಗೆ ಅಂಟಿಕೊಂಡಿರುವ ಗುಡಿ, ಹತ್ತುವುದು ಪಾರೋದಿಂದ, ಅಷ್ಟು ಹೊತ್ತಿಗೆ ಮೈ ಎತ್ತರಕ್ಕೆ ಒಗ್ಗಿರುತ್ತೆ. ಮೊದಲ ದಿನವೇ ಅದನ್ನು ಇಟ್ಟಿರುವ ಪ್ಯಾಕೇಜ್ ಬಂದರೆ ಬದಲಾಯಿಸಲು ಹೇಳಿ.

ಹತ್ತು ದಿನ ಇದ್ದರೆ ಪುನಾಖಾ ಆದ ಮೇಲೆ ಫೋಬ್ಜಿಕಾ ಕಣಿವೆ ಸೇರಿಸಿ. ಟಿಬೆಟ್ ಕಡೆಯಿಂದ ಕಪ್ಪು ಕತ್ತಿನ ಕೊಕ್ಕರೆಗಳು ಚಳಿಗಾಲಕ್ಕೆ ಅಲ್ಲಿಗೆ ಬರುತ್ತವೆ. ಬಂದಾಗಲೂ ಹೋಗುವಾಗಲೂ ಗಂಗ್‌ಟೇ ಗುಡಿಗೆ ಮೂರು ಸುತ್ತು ಹಾಕುತ್ತವೆ ಅಂತ ಊರಿನವರು ಹೇಳುತ್ತಾರೆ. ನವೆಂಬರ್ 11ಕ್ಕೆ ಅವುಗಳದ್ದೇ ಒಂದು ಹಬ್ಬ ಇದೆ. ಬುಮ್‌ಥಾಂಗ್ ಇನ್ನೂ ಒಳಗೆ, ತುಂಬ ಹಳೆಯ ಗುಡಿಗಳಿವೆ, ಆದರೆ ಹೋಗಿ ಬರಲಿಕ್ಕೇ ಎರಡು ದಿನ ಬೇಕು. ಹತ್ತು ದಿನಕ್ಕಿಂತ ಕಮ್ಮಿ ಇದ್ದರೆ ಆ ಆಸೆ ಬಿಡಿ.

ಹಂತ 3: ಗೈಡ್ ಆರಿಸುವುದು

ಏಜೆಂಟ್ ಹತ್ತಿರ ಎಲ್ಲರೂ ಹೋಟೆಲ್ ಎಷ್ಟು ಸ್ಟಾರ್ ಅಂತ ಕೇಳುತ್ತಾರೆ. ನೀವು ಮೊದಲು ಗೈಡ್ ಬಗ್ಗೆ ಕೇಳಿ. ಗೈಡ್ ಯಾರು, ಎಷ್ಟು ವರ್ಷದ ಅನುಭವ, ಹೊರಡುವ ಮೊದಲು ಒಂದು ಸಲ ಫೋನಲ್ಲಿ ಮಾತಾಡಬಹುದಾ? ನಾವು ಮಾತಾಡಿದ್ದೆವು, ಹತ್ತು ನಿಮಿಷ. ಭಾಷೆಯ ಚಿಂತೆ ಬೇಡ. ಅಲ್ಲಿ ಶಾಲೆಯಲ್ಲಿ ಇಂಗ್ಲಿಷ್‌ನಲ್ಲೇ ಪಾಠ, ಹಿಂದಿ ಟಿವಿ, ಸಿನಿಮಾ ನೋಡಿ ಬೆಳೆದವರೂ ತುಂಬ ಜನ. ಹಿಂದಿ ಬೇಕೋ ಇಂಗ್ಲಿಷ್ ಬೇಕೋ ಹೇಳಿ.

ಮತ್ತೆ ಇದನ್ನು ಕೇಳಿ: ಗೈಡ್ ಮತ್ತು ಡ್ರೈವರ್ ಬೇರೆ ಬೇರೆಯವರಾ, ಒಬ್ಬರೇನಾ? ಬೇರೆ ಇದ್ದರೆ ಒಳ್ಳೆಯದು. ಘಟ್ಟದ ತಿರುವಿನಲ್ಲಿ ಸ್ಟೀರಿಂಗ್ ಹಿಡಿದವರು ಹಿಂದೆ ತಿರುಗಿ ಕಥೆ ಹೇಳುವುದು ನಿಮಗೂ ಬೇಡ ಅಲ್ವಾ? ಗುಡಿಗಳ ಟಿಕೆಟ್ ಪ್ಯಾಕೇಜ್‌ನಲ್ಲಿ ಸೇರಿದೆಯಾ ಅಂತ ಬರವಣಿಗೆಯಲ್ಲೇ ತಗೊಳ್ಳಿ. ನಾವು ಹೋದಾಗ ಟೈಗರ್ಸ್ ನೆಸ್ಟ್‌ಗೆ ತಲೆಗೆ 2,000, ದೊಡ್ಡ ಕೋಟೆಗಳಿಗೆ 1,000 ಇತ್ತು. ಮೂರು ಜನಕ್ಕೆ ಲೆಕ್ಕ ಹಾಕಿದರೆ ಸಣ್ಣ ಮೊತ್ತ ಅಲ್ಲ, "ಪ್ಯಾಕೇಜ್ ಅಗ್ಗ" ಅನ್ನಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಪರಿಚಯ ಆದ ಕೂಡಲೇ "ಕುಜುಜಾಂಗ್‌ಪೋ ಲಾ" ಅನ್ನಿ. ನಮಸ್ಕಾರ ಅಂತ ಅರ್ಥ. ಕೊನೆಯ "ಲಾ" ನಮ್ಮ "ರೀ", "ಅವರೇ" ಥರ, ಮರ್ಯಾದೆಗೆ. ನಮ್ಮ ಗೈಡ್ ಇಂಗ್ಲಿಷ್ ಮಾತಿಗೂ ಲಾ ಸೇರಿಸುತ್ತಿದ್ದರು, "ಯೆಸ್ ಲಾ", "ಓಕೆ ಲಾ". ಎರಡನೇ ದಿನಕ್ಕೆ ಅಮ್ಮನೂ "ಸಾಕು ಲಾ" ಅನ್ನತೊಡಗಿದಳು.

ಹಂತ 4: ಕಾಗದ ಪತ್ರ

ಭಾರತೀಯರಿಗೆ ವೀಸಾ ಬೇಡ, ಪರ್ಮಿಟ್ ಬೇಕು. ಅದಕ್ಕೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ. ಪಾಸ್‌ಪೋರ್ಟ್ ಆದರೆ ಇನ್ನೂ ಆರು ತಿಂಗಳು ಚಾಲ್ತಿಯಲ್ಲಿರಬೇಕು. ಆಧಾರ್ ನಡೆಯುವುದಿಲ್ಲ. ಇದನ್ನು ಎರಡು ಸಲ ಓದಿ, ನಮ್ಮ ಜೇಬಿನಲ್ಲಿ ಯಾವಾಗಲೂ ಇರುವುದು ಅದೇ ನೋಡಿ. ಹದಿನೆಂಟು ತುಂಬದ ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಜನನ ಪ್ರಮಾಣ ಪತ್ರ ಬೇಕು. ಫೋಟೊ, ಹೋಟೆಲ್ ಬುಕಿಂಗ್, ದಿನದ ಪಟ್ಟಿ ಕೊಟ್ಟರೆ ಏಜೆಂಟ್ ಆನ್‌ಲೈನಲ್ಲಿ ಮೊದಲೇ ಪರ್ಮಿಟ್‌ಗೆ ಹಾಕುತ್ತಾರೆ.

ಅಮ್ಮನದ್ದು ವೋಟರ್ ಐಡಿ. ಅದರಲ್ಲಿ ಹೆಸರಿನ ಜೊತೆ ಇನಿಷಿಯಲ್ ಇಲ್ಲ, ನಾನು ಟಿಕೆಟ್ ಮಾಡಿದ್ದು ಆಧಾರ್ ನೋಡಿ, ಅಲ್ಲಿ ಇನಿಷಿಯಲ್ ಇದೆ. ಫೋಟೊ ಇಪ್ಪತ್ತು ವರ್ಷ ಹಳೆಯದು. ಕೌಂಟರ್‌ನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದರು. ಅಮ್ಮನ ಮುಖ ನೋಡುವುದು, ಕಾರ್ಡ್ ನೋಡುವುದು, ಮತ್ತೆ ಮುಖ ನೋಡುವುದು. ಕೊನೆಗೆ ಬಿಟ್ಟರು. ತಪ್ಪು ನನ್ನದೇ. ಯಾವ ಕಾರ್ಡ್ ಒಯ್ಯುತ್ತೀರೋ ಅದನ್ನು ಎದುರಿಗೆ ಇಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಟಿಕೆಟ್ ಮಾಡಿ.

ಇನ್ನು ಎಸ್‌ಡಿಎಫ್. ಭೂತಾನದಲ್ಲಿ ಉಳಿಯುವುದಕ್ಕೆ ರಾತ್ರಿ ಲೆಕ್ಕದಲ್ಲಿ ಸರ್ಕಾರಕ್ಕೆ ಕಟ್ಟುವ ಶುಲ್ಕ ಇದು. ಭಾರತೀಯರಿಗೆ ತಲೆಗೆ 1,200 ರೂಪಾಯಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಏಳು ರಾತ್ರಿಗೂ ಕಟ್ಟಿದರೆ ಒಬ್ಬರಿಗೆ 8,400. ಬೇರೆ ಹೆಚ್ಚಿನ ದೇಶದವರು ರಾತ್ರಿಗೆ 100 ಡಾಲರ್ ಕಟ್ಟುತ್ತಾರೆ, 2022ರಲ್ಲಿ ಅದನ್ನು 200ಕ್ಕೆ ಏರಿಸಿ ಮರುವರ್ಷ ಅರ್ಧಕ್ಕೆ ಇಳಿಸಿದರು. ಅಮೆರಿಕದ ಪಾಸ್‌ಪೋರ್ಟ್ ತಗೊಂಡ ಮಗಳು, ಅಳಿಯನ ಜೊತೆ ಹೋಗುವವರು ಇದನ್ನು ಮರೆಯಬೇಡಿ. ಅವರಿಗೆ ಆ ದರ, ವೀಸಾವೂ ಬೇಕು. ಈ ದರಗಳು ಆಗಾಗ ಬದಲಾಗುತ್ತವೆ, ಬುಕ್ ಮಾಡುವ ದಿನ ಭೂತಾನ ಸರ್ಕಾರದ ಪ್ರವಾಸೋದ್ಯಮ ತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ಹಂತ 5: ಹೋಗುವುದು

ಎರಡು ದಾರಿ. ಒಂದು, ದೆಹಲಿ ಅಥವಾ ಕೋಲ್ಕತ್ತಾದಿಂದ ನೇರ ಪಾರೋಗೆ ವಿಮಾನ. ಡ್ರೂಕ್ ಏರ್, ಭೂತಾನ್ ಏರ್‌ಲೈನ್ಸ್ ಹಾರಿಸುತ್ತವೆ. ಪಾರೋ ವಿಮಾನ ನಿಲ್ದಾಣ ಬೆಟ್ಟಗಳ ನಡುವೆ ಇದೆ. ಅಲ್ಲಿ ಇಳಿಸಲು ವಿಶೇಷ ತರಬೇತಿ ಆದ ಪೈಲಟ್‌ಗಳೇ ಬೇಕು, ಅದೂ ಬೆಳಕಿದ್ದಾಗ ಮಾತ್ರ. ದೆಹಲಿಯಿಂದ ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ, ಮೋಡ ಇಲ್ಲದಿದ್ದರೆ ಎವರೆಸ್ಟ್ ಕಾಣುತ್ತೆ. ಟಿಕೆಟ್ ದುಬಾರಿ.

ಇನ್ನೊಂದು, ಬೆಂಗಳೂರಿನಿಂದ ಬಾಗ್ಡೋಗ್ರಾಕ್ಕೆ ವಿಮಾನ, ಅಲ್ಲಿಂದ ಕಾರಲ್ಲಿ ಟೀ ತೋಟಗಳ ನಡುವೆ ನಾಲ್ಕೈದು ಗಂಟೆ, ಗಡಿಯಲ್ಲಿ ನಮ್ಮ ಕಡೆಯ ಊರಾದ ಜೈಗಾಂವ್‌ಗೆ. ರೈಲು ಬೇಕು ಅನ್ನುವವರು ಕೋಲ್ಕತ್ತಾದಿಂದ ಕಾಂಚನಕನ್ಯಾ ಎಕ್ಸ್‌ಪ್ರೆಸ್‌ನಲ್ಲಿ ಹಾಸಿಮಾರಾಕ್ಕೆ ಬಂದು ಇಳಿಯಬಹುದು, ಗಡಿ ಅಲ್ಲಿಂದ ಹತ್ತಿರ. ನಾವು ಹೋಗುವಾಗ ರಸ್ತೆ, ಬರುವಾಗ ವಿಮಾನ ಮಾಡಿದೆವು. ಖರ್ಚೂ ನಡುವೆ, ಎರಡೂ ನೋಡಿದ ಹಾಗಾಯಿತು.

ಗಡಿ ದಾಟುವುದೇ ಒಂದು ತಮಾಷೆ. ಈ ಕಡೆ ಜೈಗಾಂವ್. ಹಾರ್ನ್, ದೂಳು, ಪಾನ್ ಕಲೆ, ತಳ್ಳುಗಾಡಿ. ಒಂದು ಗೇಟ್ ದಾಟಿ ಐವತ್ತು ಹೆಜ್ಜೆ ಇಟ್ಟರೆ ಹಾರ್ನ್ ನಿಂತುಹೋಗುತ್ತೆ. ಜೀಬ್ರಾ ಕ್ರಾಸಿಂಗ್‌ನಲ್ಲಿ ಕಾಲಿಟ್ಟರೆ ಕಾರು ನಿಲ್ಲುತ್ತೆ. ನಾವು ಅಭ್ಯಾಸ ಬಲದಿಂದ ಕಾರು ಹೋಗಲಿ ಅಂತ ನಿಂತೆವು, ಕಾರಿನವರು ನಾವು ಹೋಗಲಿ ಅಂತ ನಿಂತರು, ಹಾಗೇ ಸ್ವಲ್ಪ ಹೊತ್ತು ಮುಖ ಮುಖ ನೋಡಿಕೊಂಡೆವು. ಭೂತಾನದ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ. ಫುಂಟ್‌ಶೋಲಿಂಗ್‌ನಲ್ಲಿ ಫೋನ್ ಒಮ್ಮೆ ಇಲ್ಲಿನ ಟವರ್, ಒಮ್ಮೆ ಅಲ್ಲಿನದ್ದು ಹಿಡಿಯುತ್ತೆ. ಅಲಾರಂ ಇಡುವಾಗ ಎಚ್ಚರ.

ಮರುದಿನ ಥಿಂಫುಗೆ ಐದಾರು ಗಂಟೆ ಘಟ್ಟ. ಆಗುಂಬೆ ಹತ್ತಿದವರಿಗೆ ತಿರುವು ಹೊಸದಲ್ಲ, ಆದರೆ ಆಗುಂಬೆ ಬೇಗ ಮುಗಿಯುತ್ತೆ, ಇದು ಮುಗಿಯುವುದೇ ಇಲ್ಲ. ವಾಂತಿ ಬರುವವರು ಮಾತ್ರೆ ತಗೊಂಡೇ ಕಾರು ಹತ್ತಿ. ದಾರಿಯಲ್ಲಿ ಚುಜೋಮ್ ಅನ್ನುವಲ್ಲಿ ಪಾರೋ ಹೊಳೆ, ಥಿಂಫು ಹೊಳೆ ಕೂಡುತ್ತವೆ. ಅಲ್ಲಿ ಮೂರು ಸ್ತೂಪಗಳಿವೆ, ಒಂದು ನೇಪಾಳಿ, ಒಂದು ಟಿಬೆಟಿ, ಒಂದು ಭೂತಾನಿ ಶೈಲಿಯದು. ಇಳಿದು ನೋಡಿ. ಮುಂದೆ ನೋಡುವ ನೂರಾರು ಸ್ತೂಪಗಳಲ್ಲಿ ಯಾವುದು ಯಾವ ಥರದ್ದು ಅಂತ ನೀವೇ ಹೇಳುತ್ತೀರಿ.

ಹಂತ 6: ದುಡ್ಡು, ಸಿಮ್, ಚೀಲ

ಅಲ್ಲಿನ ನಾಣ್ಯ ನ್ಗುಲ್‌ಟ್ರಮ್. ಒಂದಕ್ಕೆ ಒಂದು, ನಮ್ಮ ರೂಪಾಯಿ ಸಮ. ನಮ್ಮ ನೋಟೂ ನಡೆಯುತ್ತೆ, ನೂರರ ನೋಟು ಜಾಸ್ತಿ ಇಟ್ಟುಕೊಳ್ಳಿ. 2021ರಿಂದ ಭೀಮ್ ಯುಪಿಐ ಅಲ್ಲಿ ಶುರುವಾಗಿದೆ, ಆದರೆ ಅದನ್ನೇ ನಂಬಿ ಹೋಗಬೇಡಿ. ಸಿಮ್ ಗಡಿಯಲ್ಲೇ ಸಿಗುತ್ತೆ, ಬಿ-ಮೊಬೈಲ್ ಅಥವಾ ತಾಶಿಸೆಲ್.

ಬಟ್ಟೆ: ಕೋಟೆ, ಗುಡಿಗಳಿಗೆ ತುಂಬು ತೋಳು, ಉದ್ದ ಪ್ಯಾಂಟ್. ಶಾರ್ಟ್ಸ್, ಟೋಪಿ ಬೇಡ. ಸೀರೆ ಉಡುವ ಅಮ್ಮಂದಿರು ಮೇಲೆ ಸ್ವೆಟರ್ ಹಾಕಿಕೊಂಡರೆ ಆಯಿತು, ಆದರೆ ಬೆಟ್ಟ ಹತ್ತುವ ದಿನ ಚೂಡಿದಾರ್ ವಾಸಿ. ಗುಡಿಯೊಳಗೆ ಚಪ್ಪಲಿ ಬಿಡಬೇಕು, ಮರದ ನೆಲ ಮಂಜುಗಡ್ಡೆ ಥರ ಇರುತ್ತೆ, ದಪ್ಪ ಕಾಲುಚೀಲ ಇರಲಿ. ಥಿಂಫುವಿನಲ್ಲಿ ರಾತ್ರಿ ನಾಯಿಗಳ ಕಛೇರಿ ನಡೆಯುತ್ತೆ, ನಿದ್ದೆ ಸೂಕ್ಷ್ಮ ಇರುವವರು ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ಹಂತ 7: ಜೋಂಗ್ ನೋಡುವ ಬಗೆ

ಜೋಂಗ್ ಅಂದರೆ ಕೋಟೆ. ಬರೀ ಕೋಟೆ ಅಲ್ಲ, ಅರ್ಧ ಸರ್ಕಾರಿ ಕಚೇರಿ, ಅರ್ಧ ಮಠ. ನಮ್ಮ ಡಿಸಿ ಆಫೀಸೂ ಶೃಂಗೇರಿ ಮಠವೂ ಒಂದೇ ಗೋಡೆಯೊಳಗೆ ಇದ್ದ ಹಾಗೆ ಅಂದುಕೊಳ್ಳಿ. ಹದಿನೇಳನೇ ಶತಮಾನದಲ್ಲಿ ಟಿಬೆಟ್‌ನಿಂದ ಬಂದ ಶಬ್ದ್ರುಂಗ್ ನ್ಗವಾಂಗ್ ನಮ್‌ಗ್ಯಾಲ್ ಚೂರು ಚೂರಾಗಿದ್ದ ಕಣಿವೆಗಳನ್ನು ಒಂದು ದೇಶ ಮಾಡಿದರು. ದೊಡ್ಡ ಜೋಂಗ್‌ಗಳಲ್ಲಿ ಹೆಚ್ಚಿನವು ಅವರ ಕಾಲದವು. ಥಿಂಫು ಹತ್ತಿರದ ಸಿಮ್ತೋಖಾ 1629ರದ್ದು. ಥಿಂಫುವಿನ ತಾಶಿಚೋ ಜೋಂಗ್‌ನಲ್ಲಿ ರಾಜರ ಕಚೇರಿ ಇರುವುದರಿಂದ ವಾರದ ದಿನ ಸಂಜೆ ಕಚೇರಿ ಮುಗಿದ ಮೇಲೆಯೇ ಒಳಗೆ ಬಿಡುವುದು, ಗೈಡ್‌ಗೆ ಹೇಳಿ ಸಮಯ ಹೊಂದಿಸಿ.

ಎಲ್ಲಕ್ಕಿಂತ ಚೆಂದ ಪುನಾಖಾ. ಫೋ ಚು, ಮೋ ಚು, ಅಂದರೆ ಗಂಡು ಹೊಳೆ, ಹೆಣ್ಣು ಹೊಳೆ, ಕೂಡುವ ನಾಲಿಗೆಯಂಥ ಜಾಗದಲ್ಲಿ 1637ರಲ್ಲಿ ಕಟ್ಟಲು ಶುರು ಮಾಡಿದರು. ನಮ್ಮ ಕೂಡಲಿ, ಕೂಡಲಸಂಗಮ ನೋಡಿದವರಿಗೆ ಆ ಜಾಗ ಯಾಕೆ ಆರಿಸಿದರು ಅಂತ ಹೇಳಬೇಕಾಗಿಲ್ಲ. 1955ರವರೆಗೆ ಇದೇ ರಾಜಧಾನಿ. ಈಗಿನ ರಾಜ ಜಿಗ್ಮೆ ಖೇಸರ್ 2011ರಲ್ಲಿ ಮದುವೆಯಾದದ್ದೂ ಇಲ್ಲೇ. ಶಬ್ದ್ರುಂಗ್ ಅವರ ದೇಹವನ್ನು ಇವತ್ತಿಗೂ ಒಳಗಿನ ಒಂದು ಗುಡಿಯಲ್ಲಿ ಇಟ್ಟಿದ್ದಾರೆ. ಅವರು 1651ರಲ್ಲಿ ತೀರಿಕೊಂಡರು, ಆದರೆ ದೇಶ ಒಡೆದುಹೋಗುತ್ತೆ ಅನ್ನುವ ಭಯದಿಂದ ಅರ್ಧ ಶತಮಾನ ಸುದ್ದಿ ಹೊರಗೆ ಬಿಡಲಿಲ್ಲ. ಧ್ಯಾನದಲ್ಲಿದ್ದಾರೆ ಅಂತ ಹೇಳುತ್ತಾ ಬಂದರು. ಗೈಡ್ ಇದನ್ನು ಆ ಗುಡಿಯ ಬಾಗಿಲ ಎದುರು ನಿಂತು ತಗ್ಗಿದ ದನಿಯಲ್ಲಿ ಹೇಳಿದಾಗ ಅಮ್ಮನ ಪ್ರಶ್ನೆ: "ಊಟದ ತಟ್ಟೆ ಒಳಗೆ ಹೋಗಿ ಹೊರಗೆ ಬರ್ತಿತ್ತಾ?" ಗೈಡ್ ನಕ್ಕುಬಿಟ್ಟರು.

ಒಳಗೆ ಹೋದಾಗ ಎಲ್ಲವನ್ನೂ ನೋಡಲು ಹೋಗಬೇಡಿ, ತಲೆ ತಿರುಗುತ್ತೆ. ಮೂರು ಚಿತ್ರ ಗುರುತಿಸಲು ಕಲಿಯಿರಿ, ಗೈಡ್‌ಗೆ ಮೊದಲ ದಿನವೇ ತೋರಿಸಲು ಹೇಳಿ. ಒಂದು, ಬಾಗಿಲ ಪಕ್ಕ ನಾಲ್ಕು ದಿಕ್ಕಿನ ನಾಲ್ವರು ಕಾವಲು ರಾಜರು. ಎರಡು, ಭವಚಕ್ರ. ಯಮನಂಥವನೊಬ್ಬ ದೊಡ್ಡ ಚಕ್ರ ಹಿಡಿದಿರುತ್ತಾನೆ, ನಟ್ಟನಡುವೆ ಹಂದಿ, ಹಾವು, ಹುಂಜ ಒಂದರ ಬಾಲ ಒಂದು ಕಚ್ಚಿಕೊಂಡು ಸುತ್ತುತ್ತಿರುತ್ತವೆ. ಅಜ್ಞಾನ, ದ್ವೇಷ, ಆಸೆ. ಮೂರನೆಯದು ನನಗೆ ತುಂಬ ಇಷ್ಟ, ನಾಲ್ವರು ಗೆಳೆಯರು. ಮರದ ಕೆಳಗೆ ಆನೆ, ಆನೆ ಮೇಲೆ ಕೋತಿ, ಕೋತಿ ಮೇಲೆ ಮೊಲ, ಮೊಲದ ಮೇಲೆ ಹಕ್ಕಿ. ಹಕ್ಕಿ ಬೀಜ ತಂದಿತು, ಮೊಲ ನೀರು ಹಾಕಿತು, ಕೋತಿ ಗೊಬ್ಬರ ಹಾಕಿತು, ಆನೆ ಕಾವಲು ಕಾಯಿತು. ಹಣ್ಣಾದಾಗ ಯಾರಿಗೂ ಎಟುಕಲಿಲ್ಲ, ಒಬ್ಬರ ಮೇಲೊಬ್ಬರು ನಿಂತು ಕಿತ್ತುಕೊಂಡರು. ಇದು ಕೋಟೆಯಲ್ಲೂ ಇದೆ, ಹೋಟೆಲ್ ಗೋಡೆಯಲ್ಲೂ ಇದೆ, ಟೀ ಫ್ಲಾಸ್ಕ್ ಮೇಲೂ ಇದೆ. ಒಮ್ಮೆ ಗೊತ್ತಾದ ಮೇಲೆ ಎಲ್ಲಿ ಕಂಡರೂ ಹಳೇ ಪರಿಚಯದವರು ಸಿಕ್ಕ ಹಾಗೆ.

ಸ್ತೂಪ, ಪ್ರಾರ್ಥನೆಯ ಚಕ್ರ ಎಲ್ಲಾ ಪ್ರದಕ್ಷಿಣೆ ಕ್ರಮದಲ್ಲೇ, ನಮ್ಮ ಹಾಗೆ. ಗುಡಿಯೊಳಗೆ ಫೋಟೊ ಇಲ್ಲ. ಥಿಂಫುವಿನಿಂದ ಪುನಾಖಾಕ್ಕೆ ಹೋಗುವಾಗ 3,100 ಮೀಟರ್ ಎತ್ತರದ ದೋಚು ಲಾ ಅನ್ನುವ ಘಟ್ಟದ ನೆತ್ತಿ ಸಿಗುತ್ತೆ, 108 ಸ್ತೂಪಗಳು. 2003ರ ಡಿಸೆಂಬರ್‌ನಲ್ಲಿ ಅಸ್ಸಾಂನ ಉಗ್ರರನ್ನು ಭೂತಾನದ ಕಾಡಿನಿಂದ ಹೊರಹಾಕುವ ಕಾರ್ಯಾಚರಣೆಯಲ್ಲಿ ಸತ್ತವರ ನೆನಪಿಗೆ ಕಟ್ಟಿದ್ದು. ಬೆಳಗ್ಗೆ ಬೇಗ ಹೋದರೆ ಹಿಮದ ಸಾಲು ಕಾಣುತ್ತೆ, ನಮಗೆ ಬರೀ ಮಂಜು.

ಪುನಾಖಾ ಹತ್ತಿರ ಚಿಮಿ ಲಾಖಾಂಗ್ ಅಂತ ಒಂದು ಗುಡಿ, 1499ರದ್ದು. ದ್ರುಕ್‌ಪಾ ಕುನ್ಲೆ ಅನ್ನುವ ತಿಕ್ಕಲು ಸಂತನ ಹೆಸರಿನಲ್ಲಿರುವುದು, ಮಕ್ಕಳಾಗದವರು ಹರಕೆ ಹೊರುತ್ತಾರೆ. ಗದ್ದೆ ನಡುವೆ ಇಪ್ಪತ್ತು ನಿಮಿಷ ನಡೆಯಬೇಕು. ಆ ಊರಿನ ಮನೆ ಗೋಡೆಗಳ ಮೇಲೆಲ್ಲ ಗಂಡಸಿನ ಲಿಂಗದ ದೊಡ್ಡ ದೊಡ್ಡ ಬಣ್ಣದ ಚಿತ್ರಗಳು, ಅಂಗಡಿಯಲ್ಲಿ ಮರದವು. ದೃಷ್ಟಿ ತಾಗದಿರಲಿ ಅಂತ. ಅಮ್ಮನ ಜೊತೆ ಹೋಗುವ ಗಂಡುಮಕ್ಕಳಿಗೆ ಮೊದಲೇ ಹೇಳಿಬಿಡುತ್ತಿದ್ದೇನೆ. ನಾನು ಆಕಾಶ ನೋಡುತ್ತಾ ನಡೆದೆ. ಅಮ್ಮ ಮಾತ್ರ ಆರಾಮಾಗಿ, "ನಮ್ಮಲ್ಲಿ ಬೆದರುಬೊಂಬೆ ಕಟ್ಟಲ್ವಾ, ಹಾಗೆ" ಅಂದಳು.

ಹಂತ 8: ಊಟ, ಮತ್ತೆ ಅಡಿಕೆ

ಎಮಾ ದಾತ್ಶಿ ಅಲ್ಲಿನ ಅನ್ನ ಸಾರು ಇದ್ದ ಹಾಗೆ. ಎಮಾ ಮೆಣಸಿನಕಾಯಿ, ದಾತ್ಶಿ ಚೀಸ್. ಮೆಣಸಿನಕಾಯಿ ಒಗ್ಗರಣೆಗಲ್ಲ, ಅದೇ ತರಕಾರಿ. ಖಾರ ಬೇಡದವರು ಕೆವಾ ದಾತ್ಶಿ ಕೇಳಿ, ಆಲೂಗಡ್ಡೆಯದ್ದು. ಜೊತೆಗೆ ಕೆಂಪಕ್ಕಿ ಅನ್ನ. ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ, ಹೋಟೆಲ್‌ಗಳಲ್ಲಿ ದಾಲ್, ರೋಟಿ ಎಲ್ಲಾ ಇರುತ್ತೆ. ಮೊದಲೇ ಹೇಳಿಡಿ, ಅಷ್ಟೇ. ಸುಜಾ ಅನ್ನುವ ಬೆಣ್ಣೆ ಚಹಾಕ್ಕೆ ಉಪ್ಪು ಹಾಕಿರುತ್ತಾರೆ. ಟೀ ಅಂತ ಕುಡಿದರೆ ಮುಖ ಕಿವುಚುತ್ತೀರಿ, ಸಾರು ಅಂತ ಕುಡಿಯಿರಿ. 

ಈಗ ಅಡಿಕೆ. ಅಲ್ಲಿನವರು ದೋಮಾ ಅನ್ನುತ್ತಾರೆ. ವೀಳ್ಯದೆಲೆಗೆ ಸುಣ್ಣ ಬಳಿದು, ಅರ್ಧ ಹಸಿ ಅಡಿಕೆ ಇಟ್ಟು ಮಡಚಿದ್ದು. ಪುನಾಖಾ ದಾರಿಯಲ್ಲಿ ಗೈಡ್ ತಮ್ಮ ಅಂಗಿಯ ಮಡಿಕೆಯಿಂದ ಒಂದು ತೆಗೆದು ಬಾಯಿಗೆ ಹಾಕಿಕೊಂಡರು. ಅವರು ಹಾಕುವ ಘೋ ಅನ್ನುವ ನಿಲುವಂಗಿಗೆ ಹೊಟ್ಟೆ ಹತ್ತಿರ ದೊಡ್ಡ ಜೋಳಿಗೆ ಥರ ಜಾಗ ಇರುತ್ತೆ, ಫೋನ್, ಪರ್ಸ್, ಅಡಿಕೆ ಎಲ್ಲಾ ಅದರೊಳಗೆ. ಕಾರಿನ ತುಂಬ ವಾಸನೆ. ಹೆಂಡತಿ ಕಿಟಕಿ ಇಳಿಸಿದಳು. ಅಮ್ಮ ಮೂಗರಳಿಸಿ, "ನೀರಡಿಕೆ ಅಲ್ವಾ ಇದು?" ಅಂದು ಕೈ ಚಾಚಿದಳು. ನಮ್ಮ ಕಡೆ ನೀರಲ್ಲಿ ಹಾಕಿಟ್ಟ ಅಡಿಕೆಯದ್ದೂ ಅದೇ ವಾಸನೆ. ಆದರೆ ಇದು ಅದರ ಅಣ್ಣ. ಎರಡು ನಿಮಿಷಕ್ಕೆ ಅಮ್ಮನ ಹಣೆ ಬೆವರಿತು, ಕಿವಿ ಕೆಂಪಾಯಿತು, ಶಾಲು ತೆಗೆದಿಟ್ಟಳು. ಗೈಡ್ ಮತ್ತು ಅಮ್ಮನ ನಡುವೆ ಅಲ್ಲಿಂದ ಮುಂದೆ ಹಿಂದಿಯೂ ಬೇಕಾಗಲಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಭೂತಾನದಿಂದ 17,000 ಟನ್ ಹಸಿ ಅಡಿಕೆ ತರಿಸಲು ಒಪ್ಪಿದಾಗ ನಮ್ಮೂರಲ್ಲಿ ಆದ ಗಲಾಟೆ ನಿಮಗೆ ನೆನಪಿರಬಹುದು. ಅಮ್ಮ ಅದನ್ನೂ ಗೈಡ್‌ಗೆ ಹೇಳಿ, ರೇಟು ಎಷ್ಟು ಅಂತ ವಿಚಾರಿಸಿದಳು.

ಹಂತ 9: ಟೈಗರ್ಸ್ ನೆಸ್ಟ್

ಅಲ್ಲಿನ ಹೆಸರು ಪಾರೋ ತಕ್ತ್ಸಾಂಗ್, ಹುಲಿಯ ಗವಿ. ಗುರು ರಿನ್‌ಪೋಚೆ ಹೆಣ್ಣು ಹುಲಿಯ ಬೆನ್ನೇರಿ ಹಾರಿ ಬಂದು ಈ ಗವಿಯಲ್ಲಿ ಧ್ಯಾನಕ್ಕೆ ಕೂತರು ಅಂತ ಕಥೆ. ಗವಿಯ ಸುತ್ತ 1692ರಲ್ಲಿ ಗುಡಿ ಕಟ್ಟಿದರು. 1998ರಲ್ಲಿ ಬೆಂಕಿ ಬಿದ್ದು ಮುಖ್ಯ ಕಟ್ಟಡ ಸುಟ್ಟುಹೋಯಿತು, ಮತ್ತೆ ಕಟ್ಟಿ 2005ರಲ್ಲಿ ತೆರೆದರು. 3,120 ಮೀಟರ್ ಎತ್ತರದಲ್ಲಿ ಕಡಿದಾದ ಬಂಡೆಗೆ ಅಂಟಿಸಿದ ಹಾಗಿದೆ.

ಬೆಳಗ್ಗೆ ಏಳೂವರೆಯೊಳಗೆ ಹತ್ತಲು ಶುರು ಮಾಡಿ. ತಡವಾದರೆ ಬಿಸಿಲು, ಜನ, ಕುದುರೆಗಳ ದೂಳು. ಕೆಳಗೆ ಊರುಗೋಲು ಬಾಡಿಗೆಗೆ ಸಿಗುತ್ತೆ. ನಾಚಿಕೆ ಬಿಟ್ಟು ತಗೊಳ್ಳಿ, ಹತ್ತುವಾಗ ಅಲ್ಲ, ಇಳಿಯುವಾಗ ಬೇಕಾಗುತ್ತೆ. ಗುಡಿ ಮುಟ್ಟಲು ಎರಡೂವರೆ, ಮೂರು ಗಂಟೆ. ಅರ್ಧ ದಾರಿಯಲ್ಲಿ ಒಂದು ಕೆಫೆಟೇರಿಯಾ. ಕುದುರೆ ಅಲ್ಲಿವರೆಗೆ ಮಾತ್ರ, ಇಳಿಯುವಾಗ ಕುದುರೆ ಇಲ್ಲ. ಅಂದರೆ ಮಂಡಿ ನೋವಿರುವವರು ಕುದುರೆ ಮೇಲೆ ಹೋದರೂ ವಾಪಸ್ ನಡೆಯಲೇಬೇಕು. ಇದನ್ನು ಕೆಳಗೆ ಯಾರೂ ಒತ್ತಿ ಹೇಳುವುದಿಲ್ಲ.

ಅಮ್ಮ ಕುದುರೆ ಬೇಡ ಅಂದಳು, ಕೋಲು ಊರಿಕೊಂಡು ಕೆಫೆಟೇರಿಯಾ ತನಕ ನಿಧಾನಕ್ಕೆ ಬಂದಳು. ಅಲ್ಲಿಂದ ಗುಡಿ ಎದುರಿಗೇ ಕಾಣುತ್ತೆ. "ನಂಗೆ ಇಲ್ಲಿಂದಲೇ ಸಿಕ್ತು, ನೀವು ಹೋಗಿ ಬನ್ನಿ" ಅಂತ ಟೀ ಹಿಡಿದು ಕೂತಳು. ವಯಸ್ಸಾದವರನ್ನು ಒತ್ತಾಯ ಮಾಡಬೇಡಿ, ಆ ಜಾಗ ಸಾಕು.

ಮೇಲೆ ಹೋಗುವವರಿಗೆ ಒಂದು ಮಾತು. ಗುಡಿ ಎದುರಿಗೇ ಬಂತು, ಮುಗೀತು ಅನ್ನಿಸುವ ಜಾಗದಲ್ಲಿ ನಡುವೆ ಕಮರಿ ಇರುತ್ತೆ. ನೂರಾರು ಮೆಟ್ಟಿಲು ಇಳಿದು, ಜಲಪಾತದ ಪಕ್ಕದ ಸೇತುವೆ ದಾಟಿ, ಮತ್ತೆ ಅಷ್ಟೇ ಹತ್ತಬೇಕು. ಬರುವಾಗ ಅದೇ ಮೆಟ್ಟಿಲು ತಿರುಗಾ. ಹಾಗಾಗಿ ಕೆಫೆಟೇರಿಯಾದಲ್ಲೇ ದಮ್ಮು ಖಾಲಿ ಮಾಡಿಕೊಳ್ಳಬೇಡಿ. ಬಾಗಿಲಲ್ಲಿ ಫೋನ್, ಚೀಲ ಎಲ್ಲಾ ಇಡಬೇಕು. ಇದು ಒಳ್ಳೆಯದೇ ಆಯಿತು. ಗವಿಯ ಹತ್ತಿರದ ಕೋಣೆಯಲ್ಲಿ ಬೆಣ್ಣೆ ದೀಪದ ವಾಸನೆ, ತಣ್ಣನೆ ನೆಲ, ಎದುರಿಗೆ ಅದೇ ಸಣ್ಣ ಮೀಸೆ, ಅಗಲ ಕಣ್ಣು. ಗೈಡ್ ಮೂರು ಸಲ ಸಾಷ್ಟಾಂಗ ಬಿದ್ದು ಎದ್ದರು. ಅಷ್ಟು ದಿನ ನಮಗೆ ಕಥೆ ಹೇಳಿದವರು ಅಲ್ಲಿ ಏನೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಹಂತ 10: ವಾಪಸ್

ಉಳಿದ ನ್ಗುಲ್‌ಟ್ರಮ್ ಅಲ್ಲೇ ಖರ್ಚು ಮಾಡಿ ಅಥವಾ ರೂಪಾಯಿಗೆ ಬದಲಾಯಿಸಿ, ಜೈಗಾಂವ್ ದಾಟಿದರೆ ಯಾರೂ ತಗೊಳ್ಳುವುದಿಲ್ಲ. ಗೈಡ್, ಡ್ರೈವರ್‌ಗೆ ಟಿಪ್ಸ್ ಕೊಡುವ ರೂಢಿ ಇದೆ, ಇಬ್ಬರಿಗೂ ಬೇರೆ ಬೇರೆ ಕವರ್‌ನಲ್ಲಿ ಕೊಡಿ, "ಕಾದ್ರಿಂಚೆ ಲಾ" ಅನ್ನಿ, ಧನ್ಯವಾದ ಅಂತ. ನೆನಪಿಗೆ ಏನಾದರೂ ಬೇಕಿದ್ದರೆ ಕೈಯಲ್ಲಿ ನೇಯ್ದ ಬಟ್ಟೆ, ಬಿದಿರಿನ ಬುಟ್ಟಿ ತಗೊಳ್ಳಿ. ಪಾರೋ ಪೇಟೆಯಲ್ಲಿ ನಾಲ್ಕು ಅಂಗಡಿ ತಿರುಗಿದರೆ ಬೆಲೆ ಗೊತ್ತಾಗುತ್ತೆ.

ವಿಮಾನ ನಿಲ್ದಾಣದಲ್ಲಿ ಗೈಡ್ ನಮಗೆ ಬಿಳಿ ರೇಷ್ಮೆ ಶಾಲು ಹಾಕಿದರು. ಅಮ್ಮ ತನ್ನ ಎಲೆ ಅಡಿಕೆ ಡಬ್ಬಿ ತೆಗೆದು, ಊರಿಂದ ತಂದಿದ್ದರಲ್ಲಿ ಉಳಿದ ಕೆಂಪಡಿಕೆಯನ್ನೆಲ್ಲ ಅವರ ಅಂಗಿಯ ಜೋಳಿಗೆಗೆ ಸುರಿದಳು.